ಕಡಲ ದಂಡೆಯ ಬಾವಿಗಳು ಉಪ್ಪಾಗುವುದೇಕೆ?

ಕರ್ನಾಟಕದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ ಕಡಲಿಗೆ ಹಾಗೂ ಅಳಿವೆಗಳಿಗೆ ಸಮೀಪವಿರುವ ಅನೇಕ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ. ಈ ನೀರನ್ನು ಹಾಯಿಸಿದರೆ ತರಕಾರಿ ಗಿಡಗಳ ಎಲೆಯ ಅಂಚು ಸುಟ್ಟಂತಾಗಿ ಇಳುವರಿ ಕುಗ್ಗುತ್ತದೆ. ತೆಂಗು ಸ್ವಲ್ಪಮಟ್ಟಿಗೆ ಉಪ್ಪನ್ನು ತಾಳಿಕೊಳ್ಳುತ್ತದೆ, ಅಡಿಕೆ ತಾಳುವುದಿಲ್ಲ. ಬಾವಿ ಉಪ್ಪಾಗುವ ಕಾರಣ ತಿಳಿದರೆ ಅದನ್ನು ಉಳಿಸಿಕೊಳ್ಳುವ ದಾರಿಯೂ ತಿಳಿಯುತ್ತದೆ.

ಸಮುದ್ರದ ನೀರಿನ ಗುಣ

ಭೂಮಿಯ ಮೇಲಿರುವ ನೀರಿನಲ್ಲಿ ಶೇ. 97ರಷ್ಟು ಸಮುದ್ರಗಳಲ್ಲಿದೆ. ನದಿಗಳು ಕಲ್ಲುಮಣ್ಣಿನಿಂದ ಕರಗಿದ ಲವಣಗಳನ್ನು ಹೊತ್ತು ಸಮುದ್ರಕ್ಕೆ ಸೇರಿಸುತ್ತವೆ. ಬಿಸಿಲಿಗೆ ನೀರು ಮಾತ್ರ ಆವಿಯಾಗಿ ಮೇಲೇರುತ್ತದೆ, ಲವಣ ಅಲ್ಲಿಯೇ ಉಳಿಯುತ್ತದೆ. ಹೀಗಾಗಿ ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ ಮತ್ತು ಅದು ಸಿಹಿನೀರಿಗಿಂತ ಶೇ. 2.5ರಷ್ಟು ಹೆಚ್ಚು ಭಾರವಾಗಿರುತ್ತದೆ.

ಇದನ್ನು ಶಾಲೆಯ ಮಕ್ಕಳೂ ಪರೀಕ್ಷಿಸಿ ನೋಡಬಹುದು. ಗಾಜಿನ ಲೋಟದಲ್ಲಿ ಅರ್ಧದಷ್ಟು ಉಪ್ಪುನೀರು ಹಾಕಿ ಸ್ವಲ್ಪ ಬಣ್ಣ ಬೆರೆಸಬೇಕು. ಅದರ ಮೇಲೆ ಚಮಚದ ಬೆನ್ನಿನ ಮೂಲಕ ಸಿಹಿನೀರನ್ನು ನಿಧಾನವಾಗಿ ಸುರಿದರೆ ಅದು ಮೇಲೆಯೇ ತೇಲಿ ನಿಲ್ಲುತ್ತದೆ.

ನೆಲದೊಳಗಿನ ತೂಕ

ಕಡಲ ದಂಡೆಯ ಮರಳು ನೆಲದಲ್ಲಿಯೂ ಹೀಗೆಯೇ. ಮಳೆಯಿಂದ ಇಂಗಿದ ಸಿಹಿನೀರು, ಕೆಳಗೆ ನುಸುಳಿರುವ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. 40 ಮೀಟರ್ ಉಪ್ಪುನೀರಿನ ಭಾರಕ್ಕೆ 41 ಮೀಟರ್ ಸಿಹಿನೀರು ಸಮ. ಆದ್ದರಿಂದ ಅಂತರ್ಜಲ ಸಮುದ್ರ ಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ, ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರು ಇರುತ್ತದೆ. ಈ ಲೆಕ್ಕವನ್ನು 19ನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನ ಗೈಬನ್, 1901ರಲ್ಲಿ ಜರ್ಮನಿಯ ಹೆರ್ಜ್‌ಬರ್ಗ್ ತೋರಿಸಿಕೊಟ್ಟರು. ಕಲ್ಲಿನ ಸೀಳುಗಳಿರುವ ನೆಲದಲ್ಲಿ ಲೆಕ್ಕ ವ್ಯತ್ಯಾಸವಾಗಬಹುದು.

ಅಪಾಯವಿರುವುದೂ ಇಲ್ಲಿಯೇ. ಪಂಪಿನಿಂದ ನೀರೆತ್ತಿ ಅಂತರ್ಜಲ ಮಟ್ಟ ಅರ್ಧ ಮೀಟರ್ ಇಳಿದು ಹಾಗೆಯೇ ನಿಂತರೆ, ಕೆಳಗಿನ ಉಪ್ಪುನೀರು ಕಾಲಕ್ರಮದಲ್ಲಿ ಸುಮಾರು 20 ಮೀಟರ್ ಮೇಲಕ್ಕೆ ಬರಬಲ್ಲದು. ನೂರು ಕೊಡ ಸಿಹಿನೀರಿಗೆ ಎರಡು ಕೊಡ ಸಮುದ್ರದ ನೀರು ಸೇರಿದರೂ ಕ್ಲೋರೈಡ್ ಅಂಶವು ಕುಡಿಯುವ ನೀರಿಗೆ ಅಪೇಕ್ಷಿತವಾದ ಲೀಟರಿಗೆ 250 ಮಿಲಿಗ್ರಾಂ ಮಿತಿಯನ್ನು ದಾಟುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ನೀರು ಕಡಿಮೆಯಾಯಿತೆಂದು ದಂಡೆಯ ಬಾವಿಯನ್ನು ಇನ್ನಷ್ಟು ಆಳ ಮಾಡಬಾರದು. ಆಳ ಹೆಚ್ಚಿದಷ್ಟೂ ಉಪ್ಪುನೀರು ಹತ್ತಿರವಾಗುತ್ತದೆ.

2. ಒಂದೇ ಸಮನೆ ಪಂಪು ನಡೆಸದೆ, ಸ್ವಲ್ಪ ಸ್ವಲ್ಪವಾಗಿ ಬಿಡುವು ಕೊಟ್ಟು ನೀರೆತ್ತಬೇಕು. ಹನಿ ನೀರಾವರಿ ಹಾಗೂ ತರಗೆಲೆಯ ಹೊದಿಕೆಯಿಂದ ನೀರಿನ ಬಳಕೆ ತಗ್ಗುತ್ತದೆ.

3. ಮಳೆಗಾಲದ ನೀರನ್ನು ಕೆರೆ, ಮದಕ, ಇಂಗುಗುಂಡಿಗಳಲ್ಲಿ ತಡೆದು ಇಂಗಿಸಬೇಕು. ಮೇಲಿನ ಸಿಹಿನೀರಿನ ಮಟ್ಟವೇ ಕೆಳಗಿನ ಉಪ್ಪುನೀರನ್ನು ಅದುಮಿ ಹಿಡಿಯುವ ಭಾರ.

4. ಕಿಂಡಿ ಅಣೆಕಟ್ಟುಗಳಿಗೆ ಹೊಳೆಯ ಹರಿವು ಪೂರ್ತಿ ಇಳಿಯುವ ಮೊದಲೇ ಹಲಗೆ ಹಾಕಬೇಕು. ತಡವಾದರೆ ಭರತದ ನೀರು ಒಳನುಗ್ಗಿ ಅಕ್ಕಪಕ್ಕದ ಬಾವಿಗಳೂ ಕೆಡುತ್ತವೆ.

5. ಬೇಸಿಗೆಯಲ್ಲಿ ಬಾವಿಯ ನೀರನ್ನು ಪರೀಕ್ಷೆ ಮಾಡಿಸಬೇಕು. ವಿದ್ಯುತ್ ವಾಹಕತೆ ಮೀಟರಿಗೆ 2.25 ಡೆಸಿಸೀಮನ್ಸ್ ದಾಟಿದರೆ ಆ ನೀರು ಸಾಮಾನ್ಯ ಬೆಳೆಗಳಿಗೆ ತಕ್ಕುದಲ್ಲ.

ಒಂದು ಬಾವಿಗೆ ನುಗ್ಗಿದ ಉಪ್ಪು ನೆರೆಯವರ ಬಾವಿಗೂ ಹರಡಬಲ್ಲದು. ನೆಲದೊಳಗಿಂದ ಅದನ್ನು ಹೊರದೂಡಲು ಹಲವು ಮಳೆಗಾಲಗಳೇ ಬೇಕಾಗಬಹುದು. ಆದುದರಿಂದ ದಂಡೆಯ ರೈತರು ಒಟ್ಟಾಗಿ ನೀರೆತ್ತುವುದಕ್ಕೆ ಮಿತಿ ಹಾಕಿಕೊಳ್ಳುವುದು ಎಲ್ಲರಿಗೂ ಕ್ಷೇಮಕರ.