ಅಮರನಾಥ ಯಾತ್ರೆ: ಸಹಿ ಹಾಕಿಸುವ ಮುನ್ನ

ಬೇಸಿಗೆ ಬಂತೆಂದರೆ ಅಮರನಾಥ ಯಾತ್ರೆಗೆ ಹೊರಡುವವರು ವೈದ್ಯರ ಬಳಿ ಬರತೊಡಗುತ್ತಾರೆ. “ಡಾಕ್ಟ್ರೇ, ಫಿಟ್ನೆಸ್ಸಿಗೆ ಒಂದು ಸಹಿ ಬೇಕಾಗಿತ್ತು” ಎಂಬುದು ಸಾಮಾನ್ಯವಾಗಿ ಅವರ ಮೊದಲ ಮಾತು. ಬ್ಯಾಂಕಿನ ಕೆಲಸ, ರೈಲು ಟಿಕೆಟ್, ಉಣ್ಣೆಯ ಉಡುಪು ಎಲ್ಲವೂ ಮುಗಿದ ಮೇಲೆ ಕೊನೆಯದಾಗಿ ನೆನಪಾಗುವುದು ಈ ಸಹಿ. ವಾಸ್ತವವಾಗಿ ಯಾತ್ರೆಯ ಸಿದ್ಧತೆ ಇಲ್ಲಿಂದಲೇ ಆರಂಭವಾಗಬೇಕು.

ಅಮರನಾಥ ಗುಹೆ ಇರುವುದು ಸಮುದ್ರಮಟ್ಟದಿಂದ 3,888 ಮೀಟರ್ ಎತ್ತರದಲ್ಲಿ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ಗುಹೆ ಅದರ ಎರಡರಷ್ಟು ಎತ್ತರದಲ್ಲಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಯಲಿನಲ್ಲಿ ಬಾಳಿದ ದೇಹಕ್ಕೆ ಇದು ಅಪರಿಚಿತ ಲೋಕ.

ಅನುಮತಿ ಏಕೆ?

ಈ ಯಾತ್ರೆಗೆ ಮನಸ್ಸು ಬಂದಾಗ ಹೊರಟುಬಿಡುವಂತಿಲ್ಲ. ಶ್ರೀ ಅಮರನಾಥಜೀ ದೇವಸ್ಥಾನ ಮಂಡಳಿಯಲ್ಲಿ ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಇಂತಿಷ್ಟು ದಿನಕ್ಕೆ ಇಂತಿಷ್ಟೇ ಯಾತ್ರಿಕರು ಎಂಬ ಮಿತಿ ಇದೆ. ಹದಿಮೂರು ವರ್ಷದೊಳಗಿನ ಮಕ್ಕಳಿಗೆ, ಎಪ್ಪತ್ತು ದಾಟಿದ ಹಿರಿಯರಿಗೆ, ಆರು ವಾರ ಮೀರಿದ ಗರ್ಭಿಣಿಯರಿಗೆ ಪ್ರವೇಶವಿಲ್ಲ. ಉಳಿದವರೆಲ್ಲರೂ ಕಡ್ಡಾಯವಾಗಿ ಆರೋಗ್ಯ ಪ್ರಮಾಣಪತ್ರ ಕೊಡಬೇಕು. ಅದನ್ನು ಎಲ್ಲ ವೈದ್ಯರೂ ನೀಡುವಂತಿಲ್ಲ. ರಾಜ್ಯವಾರು ಗೊತ್ತುಪಡಿಸಿದ ವೈದ್ಯರು, ಆಸ್ಪತ್ರೆಗಳ ಪಟ್ಟಿ ಇರುತ್ತದೆ. ಆಯಾ ವರ್ಷ ಪ್ರಕಟವಾಗುವ ದಿನಾಂಕದ ನಂತರ ಪಡೆದ ಪತ್ರ ಮಾತ್ರ ನಡೆಯುತ್ತದೆ. ವಯಸ್ಸಿನ ಮಿತಿ, ಶುಲ್ಕ, ದಿನಾಂಕಗಳು ಬದಲಾಗಬಹುದಾದ್ದರಿಂದ ಆ ವರ್ಷದ ಪ್ರಕಟಣೆಯನ್ನೇ ನೋಡಿಕೊಳ್ಳಿ.

ಈ ನಿಯಮಗಳನ್ನು ಕಿರುಕುಳವೆಂದು ಭಾವಿಸುವವರಿದ್ದಾರೆ. ಆದರೆ ಯಾತ್ರೆಯ ದಾರಿಯಲ್ಲಿ ಹೃದಯಾಘಾತ ಮತ್ತಿತರ ಕಾರಣಗಳಿಂದ ಆಗುತ್ತಿದ್ದ ಸಾವುಗಳನ್ನು ಕಂಡು 2012ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು ಎಂಬುದನ್ನು ಮರೆಯಬಾರದು. ಪ್ರಮಾಣಪತ್ರ ಇರುವುದು ಕಡತಕ್ಕಾಗಿ ಅಲ್ಲ, ನಿಮಗಾಗಿ.

ಮೇಲೇರಿದಂತೆ ಏನಾಗುತ್ತದೆ?

“ಅಲ್ಲಿ ಗಾಳಿಯಲ್ಲಿ ಆಮ್ಲಜನಕವೇ ಇರುವುದಿಲ್ಲವಂತೆ” ಎಂದು ಕೆಲವರು ಕೇಳುತ್ತಾರೆ. ಹಾಗಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇಕಡ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಗುಹೆಯ ಎತ್ತರದಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು ಶೇಕಡ 62–63ರಷ್ಟಿರುತ್ತದೆ. ಹಾಗಾಗಿ ಪ್ರತಿ ಉಸಿರಿನಲ್ಲಿ ಒಳಹೋಗುವ ಆಮ್ಲಜನಕವೂ ಅಷ್ಟರ ಮಟ್ಟಿಗೆ ಕಡಿಮೆ. ಕೊರತೆ ತುಂಬಲು ದೇಹ ಹೆಚ್ಚು ಉಸಿರಾಡುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ. ಈ ಹೊಂದಾಣಿಕೆಗೆ ಕೆಲವು ದಿನಗಳು ಬೇಕು. ನಾವು ದೇಹಕ್ಕೆ ಆ ದಿನಗಳನ್ನು ಕೊಡದೆ ಓಡಿದರೆ ತೊಂದರೆ ತಪ್ಪಿದ್ದಲ್ಲ.

ಸಾಮಾನ್ಯವಾಗಿ 2,500 ಮೀಟರ್ ಮೀರಿದ ಮೇಲೆ ಕಾಣಿಸಿಕೊಳ್ಳುವ ಈ ತೊಂದರೆಯನ್ನು ಪರ್ವತ ಕಾಯಿಲೆ ಎನ್ನುತ್ತೇವೆ. ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ತಲೆನೋವು ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಊಟ ಬೇಡವೆನಿಸುವುದು, ತಲೆಸುತ್ತು, ವಿಪರೀತ ಸುಸ್ತು ಇರಬಹುದು. ಹಲವರು ಇದನ್ನು ಬಿಸಿಲಿಗೆ ಅಥವಾ ಬಸ್ ಪ್ರಯಾಣಕ್ಕೆ ಹೊಣೆ ಮಾಡಿ ನಡೆದೇ ನಡೆಯುತ್ತಾರೆ. ಎತ್ತರದಲ್ಲಿ ಬಂದ ತಲೆನೋವನ್ನು ಬೇರೆ ಕಾರಣ ಖಚಿತವಾಗುವವರೆಗೂ ಪರ್ವತ ಕಾಯಿಲೆಯೆಂದೇ ತಿಳಿಯುವುದು ಕ್ಷೇಮ.

ಇದು ಉಲ್ಬಣಿಸಿದರೆ ಎರಡು ಅಪಾಯಗಳಿವೆ. ಒಂದು, ಶ್ವಾಸಕೋಶದಲ್ಲಿ ನೀರು ತುಂಬುವುದು: ಕುಳಿತಿದ್ದಾಗಲೂ ಏದುಸಿರು, ಕೆಮ್ಮು, ನೀಲಿಗಟ್ಟುವ ತುಟಿ, ಕೆಲವೊಮ್ಮೆ ನಸುಗೆಂಪು ನೊರೆಯ ಕಫ. ಇನ್ನೊಂದು, ಮಿದುಳಿನ ಬಾವು: ಕುಡಿದವರಂತೆ ತೂರಾಡುವುದು, ಅಸಂಬದ್ಧ ಮಾತು, ಮಂಪರು. ಇವೆರಡೂ ಗಂಟೆಗಳಲ್ಲಿ ಜೀವ ತೆಗೆಯಬಲ್ಲವು.

ಒಂದು ಮಾತು ನೆನಪಿರಲಿ. ಗಟ್ಟಿಮುಟ್ಟಾದ ದೇಹ ಪರ್ವತ ಕಾಯಿಲೆಯಿಂದ ರಕ್ಷಿಸುವುದಿಲ್ಲ. ದಿನವೂ ಜಿಮ್‌ಗೆ ಹೋಗುವ ಇಪ್ಪತ್ತೈದರ ಯುವಕ ಬೇಗಬೇಗ ಹತ್ತಿ ಮಲಗಿಬಿಡಬಹುದು. ನಿಧಾನವಾಗಿ ನಡೆದ ಐವತ್ತೈದರ ಚಿಕ್ಕಮ್ಮ ದರ್ಶನ ಮುಗಿಸಿ ನಗುತ್ತಾ ಇಳಿಯಬಹುದು.

ಯಾರು ಯೋಚಿಸಬೇಕು?

ನಡೆದರೆ ಎದೆ ಹಿಡಿದುಕೊಳ್ಳುವವರು, ಇತ್ತೀಚೆಗೆ ಹೃದಯಾಘಾತವಾದವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು, ತೀವ್ರ ರಕ್ತಹೀನತೆ ಅಥವಾ ಶ್ವಾಸಕೋಶದ ಹಳೆಯ ಕಾಯಿಲೆ ಇರುವವರು ಈ ಯಾತ್ರೆಯನ್ನು ಕೈಬಿಡುವುದೇ ಒಳ್ಳೆಯದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಉಬ್ಬಸ ಚೆನ್ನಾಗಿ ಹತೋಟಿಯಲ್ಲಿದ್ದರೆ ವೈದ್ಯರ ಸಲಹೆ ಪಡೆದು ಹೋಗಬಹುದು.

ನಮ್ಮ ಮನೆಗಳಲ್ಲಿ ಇದು ಬರೀ ವೈದ್ಯಕೀಯ ಪ್ರಶ್ನೆಯಾಗಿ ಉಳಿಯುವುದಿಲ್ಲ. ತಂದೆಗೆ ಅರವತ್ತೈದು, ಒಮ್ಮೆ ಅಮರನಾಥ ನೋಡಬೇಕೆಂಬುದು ಬಹುಕಾಲದ ಆಸೆ. ಮಹಡಿ ಹತ್ತುವಾಗ ಎದೆ ಭಾರವಾಗುವುದನ್ನು ಅವರು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಮಕ್ಕಳು ತಡೆದಾರೆಂಬ ಭಯ. ಮಕ್ಕಳಿಗೋ, ದೇವರ ಕೆಲಸಕ್ಕೆ ಅಡ್ಡ ಬಂದೆವೆಂಬ ಅಳುಕು. ಹೀಗೆ ಎಲ್ಲರೂ ಸುಮ್ಮನಿದ್ದು, ಪರಿಚಯದವರ ಮೂಲಕ ಪರೀಕ್ಷೆಯಿಲ್ಲದ ಸಹಿಯೊಂದು ಬಂದುಬಿಟ್ಟರೆ ಆ ಕಾಗದಕ್ಕೆ ಬೆಟ್ಟದಲ್ಲಿ ಯಾವ ಬೆಲೆಯೂ ಇಲ್ಲ. ಮೊದಲೇ ಕೇಳಿ, ಇ.ಸಿ.ಜಿ. ಮಾಡಿಸಿ, ವೈದ್ಯರು ಹೇಳಿದರೆ ಟ್ರೆಡ್‌ಮಿಲ್ ಪರೀಕ್ಷೆಯನ್ನೂ ಮಾಡಿಸಿ. ಹೃದಯದ ತೊಂದರೆ ಮನೆಯಲ್ಲಿದ್ದಾಗಲೇ ಪತ್ತೆಯಾದರೆ ಅದೂ ಒಂದು ಪುಣ್ಯವೇ.

ಸಿದ್ಧತೆ ಹೀಗಿರಲಿ

ಕನಿಷ್ಠ ಎರಡು ತಿಂಗಳು ಮೊದಲು ನಡಿಗೆ ಆರಂಭಿಸಿ. ದಿನಕ್ಕೆ ಎರಡು ಕಿಲೋಮೀಟರ್‌ನಿಂದ ತೊಡಗಿ ಐದಾರಕ್ಕೆ ಏರಿಸಿ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟವನ್ನೋ ನಂದಿ ಬೆಟ್ಟವನ್ನೋ ಹತ್ತಿ ಇಳಿಯಿರಿ. ಇದರಿಂದ ಕಾಲು, ಮಂಡಿ, ಹೃದಯ ಗಟ್ಟಿಯಾಗುತ್ತವೆ. ಆದರೆ ಈ ಬೆಟ್ಟಗಳು ತಗ್ಗಿನವು. ತೆಳು ಗಾಳಿಯ ಅಭ್ಯಾಸ ಇಲ್ಲಿ ಆಗದು. ಅದು ಕಾಶ್ಮೀರದಲ್ಲಿಯೇ ಆಗಬೇಕು.

ಗುಹೆಗೆ ಎರಡು ದಾರಿಗಳಿವೆ. ಪಹಲ್ಗಾಮಿನ ದಾರಿಯಲ್ಲಿ ಚಂದನವಾಡಿಯಿಂದ ಸುಮಾರು 32 ಕಿಲೋಮೀಟರ್ ನಡಿಗೆ; ಶೇಷನಾಗ್, ಪಂಚತರಣಿಗಳಲ್ಲಿ ತಂಗುತ್ತಾರೆ, ನಡುವೆ 4,200 ಮೀಟರಿಗೂ ಎತ್ತರದ ಮಹಾಗುಣಸ್ ಕಣಿವೆಮಾರ್ಗ ದಾಟಬೇಕು. ಬಾಲ್ತಾಲ್ ದಾರಿ ಸುಮಾರು 14 ಕಿಲೋಮೀಟರ್, ಆದರೆ ಕಡಿದಾದದ್ದು. ಹತ್ತಿರವೆಂದು ಬಾಲ್ತಾಲ್ ಆರಿಸಿಕೊಳ್ಳುವವರು ಅದೇ ದಿನ ಸಾವಿರ ಮೀಟರಿಗೂ ಹೆಚ್ಚು ಏರುತ್ತಾರೆಂಬುದನ್ನು ಗಮನಿಸಬೇಕು.

3,000 ಮೀಟರ್ ಮೀರಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎಂಬುದು ವೈದ್ಯಕೀಯ ನಿಯಮ. ಪಹಲ್ಗಾಮ್ ಸುಮಾರು 2,200 ಮೀಟರ್, ಶೇಷನಾಗ್ 3,500 ಮೀಟರಿಗೂ ಮೇಲೆ. ಯಾತ್ರೆಯ ದಾರಿಯಲ್ಲಿ ಈ ನಿಯಮ ಪಾಲಿಸುವುದು ಕಷ್ಟ. ಆದ್ದರಿಂದ ಕೆಳಗಿನ ದಿನಗಳನ್ನು ಹೆಚ್ಚಿಸಿಕೊಳ್ಳಿ. ಶ್ರೀನಗರದಲ್ಲಿ ಒಂದು ರಾತ್ರಿ, ಪಹಲ್ಗಾಮ್ ಅಥವಾ ಸೋನಾಮಾರ್ಗ್‌ನಂಥ ಎತ್ತರದಲ್ಲಿ ಎರಡು ರಾತ್ರಿ ಕಳೆದು ಹೊರಡಿ. ರಜೆ ಎರಡು ದಿನ ಹೆಚ್ಚು ಬೇಕಾದೀತು, ಅಷ್ಟೇ.

ಹೆಲಿಕಾಪ್ಟರ್ ಇದ್ದ ವರ್ಷಗಳಲ್ಲಿ ಅದು ಸುಲಭವೆಂದು ಹೋದವರುಂಟು. 2025ರಲ್ಲಿ ಆ ಸೇವೆ ಇರಲಿಲ್ಲ. ಇದ್ದರೂ, ನಿಮಿಷಗಳಲ್ಲಿ ಪಂಚತರಣಿಗೆ ಇಳಿದವರಿಗೆ ಕಾಲಿನ ಶ್ರಮ ಉಳಿಯುತ್ತದೆಯೇ ಹೊರತು ಎತ್ತರದ ಬಾಧೆ ತಪ್ಪುವುದಿಲ್ಲ.

ಔಷಧ, ಆಹಾರ

ಅಸೆಟಜೋಲಮೈಡ್ ಎಂಬ ಮಾತ್ರೆ ಪರ್ವತ ಕಾಯಿಲೆ ತಡೆಯಲು ನೆರವಾಗುತ್ತದೆ. ಎತ್ತರ ಏರುವ ಹಿಂದಿನ ದಿನದಿಂದ ಇದನ್ನು ಆರಂಭಿಸುತ್ತಾರೆ. ಸಲ್ಫಾ ಔಷಧದ ಅಲರ್ಜಿ ಅಥವಾ ಮೂತ್ರಪಿಂಡದ ತೊಂದರೆ ಇದ್ದವರಿಗೆ ಇದು ಹೊಂದದಿರಬಹುದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ.

ನಿತ್ಯದ ಮಾತ್ರೆಗಳನ್ನು ನಿಲ್ಲಿಸಬೇಡಿ. ಅವನ್ನು ಕುದುರೆಯ ಮೇಲೆ ಹೋಗುವ ಸಾಮಾನಿನಲ್ಲಿ ಇಡದೆ ನಿಮ್ಮ ಹೆಗಲ ಚೀಲದಲ್ಲೇ ಇಟ್ಟುಕೊಳ್ಳಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು, ಅಂಗಿಯ ಒಳಜೇಬಿನಲ್ಲಿರಲಿ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಿ ಹತ್ತಲೇಬಾರದು. ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಿ ನಡೆದರೆ ರಕ್ತದ ಸಕ್ಕರೆ ದಿಢೀರನೆ ಇಳಿದು ಪ್ರಜ್ಞೆ ತಪ್ಪಬಹುದು. ಉಳಿದವರೂ ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತಾ, ನೀರು ಕುಡಿಯುತ್ತಾ ಸಾಗಬೇಕು. ಮದ್ಯ, ಧೂಮಪಾನ, ನಿದ್ರೆ ಮಾತ್ರೆ ಬೇಡ.

ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆಂಬ ನಂಬಿಕೆ ಯಾತ್ರಿಕರಲ್ಲಿದೆ. ಮೂಗು ತೆರೆದಂತೆ ಅನ್ನಿಸಬಹುದು. ರಕ್ತದ ಆಮ್ಲಜನಕ ಏರುವುದಿಲ್ಲ. ಕೈಯಲ್ಲಿ ಹಿಡಿಯುವ ಸಣ್ಣ ಆಮ್ಲಜನಕದ ಡಬ್ಬಿಯೂ ಕೆಲವೇ ನಿಮಿಷಗಳದು. ಅದನ್ನು ನಂಬಿ ಮುಂದೆ ಹತ್ತಬೇಡಿ.

ಯಾವಾಗ ಹಿಂತಿರುಗಬೇಕು?

ತಲೆನೋವು, ವಾಕರಿಕೆ ಇದ್ದರೆ ಅಲ್ಲಿಯೇ ನಿಲ್ಲಿ. ಪೂರ್ತಿ ಹೋಗುವವರೆಗೆ ಮೇಲೆ ಏರಬೇಡಿ. ಕುಳಿತಾಗಲೂ ಏದುಸಿರು, ತೂರಾಟ, ಗೊಂದಲ ಕಂಡರೆ ಬೆಳಗಾಗಲೆಂದು ಕಾಯದೆ ಕೂಡಲೇ ಹತ್ತಿರದ ವೈದ್ಯಕೀಯ ಶಿಬಿರಕ್ಕೆ ತಿಳಿಸಿ ಕೆಳಗಿಳಿಸಿ. ಅನುಮಾನವಿದ್ದರೆ ನೆಲದ ಮೇಲೆ ಒಂದು ಗೆರೆಯಿದೆಯೆಂದು ಭಾವಿಸಿ ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆಯಲು ಹೇಳಿ. ಓಲಾಡಿದರೆ ಇಳಿಯುವ ಹೊತ್ತಾಯಿತೆಂದೇ ಅರ್ಥ. ಎದೆನೋವು ಬಂದರೆ ಗ್ಯಾಸ್ ಎಂದು ತಳ್ಳಿಹಾಕಬೇಡಿ. ರೋಗಿಯನ್ನು ಒಬ್ಬರನ್ನೇ ಕಳಿಸದೆ ಜೊತೆಗೊಬ್ಬರು ಇಳಿಯಬೇಕು.

ಹವಾಮಾನದ ಮಾತನ್ನೂ ಕೇಳಿ. 2022ರ ಜುಲೈ 8ರಂದು ಗುಹೆಯ ಸಮೀಪ ನುಗ್ಗಿದ ಪ್ರವಾಹ ಹಲವು ಯಾತ್ರಿಕರನ್ನು ಬಲಿ ತೆಗೆದುಕೊಂಡಿತು. ಯಾತ್ರೆ ನಿಲ್ಲಿಸಿದ್ದೇವೆಂದು ಅಧಿಕಾರಿಗಳು ಹೇಳಿದ ದಿನ ವಾದಕ್ಕಿಳಿಯಬೇಡಿ.

ಹೊರಡುವ ಮೊದಲೇ ಮನೆಯವರೆಲ್ಲ ಕುಳಿತು ಒಂದು ಮಾತು ಮಾಡಿಕೊಳ್ಳಿ: ನಮ್ಮಲ್ಲಿ ಯಾರಿಗೆ ಆಗದಿದ್ದರೂ ಅವರು ಹೇಳುತ್ತಾರೆ, ಉಳಿದವರು ಬೇಸರಿಸದೆ ನಿಲ್ಲುತ್ತಾರೆ. ಗುಹೆಗೆ ಎರಡು ಕಿಲೋಮೀಟರ್ ಉಳಿದಿರುವಾಗ ಹಿಂತಿರುಗುವುದು ಕಷ್ಟ. ಆ ನಿರ್ಧಾರವನ್ನು ಮನೆಯಲ್ಲೇ ಮಾಡಿದ್ದರೆ ಅಲ್ಲಿ ಅಷ್ಟು ಕಷ್ಟವಾಗದು. ಆರೋಗ್ಯ ಉಳಿದಿದ್ದರೆ ಮುಂದಿನ ವರ್ಷವೂ ಯಾತ್ರೆ ಇದ್ದೇ ಇರುತ್ತದೆ.