ಶೇಂಗಾಕಾಯಿಯ ಸುಣ್ಣ ಕಾಯಿಗೇ ಕೊಡಿ

ರಾಯದುರ್ಗ, ಮಡಕಶಿರಾ ಕಡೆ ಕೆಂಪು ನೆಲದಲ್ಲಿ ಶೇಂಗಾ ಬೆಳೆಯೋರಿಂದ ನಾನು ಕೇಳುವ ದೂರು ಒಂದೇ: ಗಿಡ ಸೊಂಪಾಗೈತೆ, ಕಾಯಿ ಜೊಳ್ಳು. ಮಂಡಿಯಲ್ಲಿ ಸಾಹುಕಾರ ಒಂದು ಹಿಡಿ ಸುಲಿದು ನೋಡಿ ದರ ಇಳಿಸುತ್ತಾನೆ. ರೈತ ಮುಂದಿನ ಸಲ ಡಿಎಪಿ ಒಂದು ಚೀಲ ಹೆಚ್ಚಿಗೆ ಹಾಕುತ್ತಾನೆ. ಆದರೆ ಡಿಎಪಿಯಲ್ಲಿ ಸಾರಜನಕ, ರಂಜಕ ಉಂಟು; ಸುಣ್ಣದ ಅಂಶವಾದ ಕ್ಯಾಲ್ಸಿಯಂ ಇಲ್ಲ.

ಬೇರಿಗೂ ಮಣ್ಣಿಗೂ ನಡೆಯೋದು ಅದಲುಬದಲಿನ ವ್ಯಾಪಾರ. ಜೇಡಿಯ ಕಣಗಳು ಪೊಟ್ಯಾಶ್, ಕ್ಯಾಲ್ಸಿಯಂಗಳನ್ನು ಹಿಡಿದಿಟ್ಟಿರುತ್ತವೆ. ಬೇರು ಹುಳಿಯ ಅಂಶವಾದ ಹೈಡ್ರೋಜನ್ ಅಯಾನು ಕೊಟ್ಟು ಅವನ್ನು ಬಿಡಿಸಿಕೊಳ್ಳುತ್ತದೆ. ಮರಳು ನೆಲದಲ್ಲಿ ಜೇಡಿ ಕಡಿಮೆ, ಆದ್ದರಿಂದ ದಾಸ್ತಾನೂ ಕಡಿಮೆ.

ಶೇಂಗಾದ ವಿಶೇಷ ಮುಂದಿದೆ. ಬೇರು ಹೀರಿದ ಕ್ಯಾಲ್ಸಿಯಂ ನೀರಿನ ಜತೆ ಎಲೆಗೆ ಏರುತ್ತದೆ. ಅಲ್ಲಿಂದ ಕಾಯಿಗೆ ಇಳಿದು ಬರೋದು ತೀರಾ ಅಲ್ಪ. ತೆಲುಗಿನವರು ‘ಊಡಲು’ ಅನ್ನುವ ಊಡು ಮಣ್ಣಿಗಿಳಿದ ಮೇಲೆ ಕಾಯಿಯೇ ತನ್ನ ಸಿಪ್ಪೆಯಿಂದ ಸುತ್ತಲಿನ ಮಣ್ಣಿನ ಕ್ಯಾಲ್ಸಿಯಂ ಹೀರಬೇಕು. ಅದು ಸಿಗದಿದ್ದರೆ ಕಾಳು ಕಟ್ಟೋದಿಲ್ಲ.

ಅದಕ್ಕೇ ಬಿತ್ತಿದ 40-45ನೇ ದಿನ, ಊಡು ಇಳಿಯೋ ಹೊತ್ತಿಗೆ, ಎಕರೆಗೆ 200 ಕಿಲೋ ಜಿಪ್ಸಂ ಗಿಡದ ಬುಡದ ಪಕ್ಕ ಹಾಕಿ ಮಣ್ಣೇರಿಸಿ. ಗಂಧಕವೂ ಜತೆಗೆ ಸಿಗುತ್ತದೆ. ನೆಲದಲ್ಲಿ ಹಸಿ ಇರಲಿ. ಕರಗದ ಜಿಪ್ಸಂ ಕಾಯಿಗೆ ದಕ್ಕದು. ಊಡು ಇಳಿದ ಮೇಲೆ ಕುಂಟೆ ಹೊಡೆಯಬೇಡಿ.

ಮಳೆ ಕೈಕೊಟ್ಟರೂ ಜೊಳ್ಳಾಗುತ್ತದೆ, ನಿಜ. ಸುಣ್ಣ ಹೆಚ್ಚಿರುವ ಎರೆ ನೆಲದವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಕೆಂಪು ಮರಳು ನೆಲದವರು ಮಾತ್ರ ಡಿಎಪಿಯ ಆ ಹೆಚ್ಚಿನ ಚೀಲದ ದುಡ್ಡನ್ನು ಈ ಸಲ ಜಿಪ್ಸಂಗೆ ಹಾಕಿ ನೋಡಿ. ಲೆಕ್ಕ ಮಂಡಿಯ ತಕ್ಕಡಿಯೇ ಹೇಳುತ್ತದೆ.