ಬೆಳಕಿಗೆ ಮಣಿಯುವ ಔಷಧಗಳು ಮತ್ತು ರಕ್ಷಕ ಕೋಶಗಳ ಕ್ಯಾಲ್ಸಿಯಂ ದ್ವಾರ

ಬಾವಂಚಿ ಬೀಜವನ್ನು ತೊನ್ನಿನ ಮೇಲೆ ಲೇಪಿಸಿ ಬಿಸಿಲಿಗೆ ಮೈಯೊಡ್ಡುವ ಚಿಕಿತ್ಸೆ ನಮ್ಮ ನಾಡಿನ ವೈದ್ಯರಿಗೆ ಬಹು ಹಳೆಯದು. ಆ ಬೀಜದ ಸತ್ತ್ವವಾದ ಸೋರಲೆನನ್ನು 1933ರಲ್ಲಿ ಬೇರ್ಪಡಿಸಿ ತೋರಿಸಿದವರು ಎಚ್. ಎಸ್. ಜೋಯಿಸ್, ಬಿ. ಎಲ್. ಮಂಜುನಾಥ್ ಮತ್ತು ಎಸ್. ವೆಂಕಟರಾವ್. ಕತ್ತಲಲ್ಲಿ ಬಹುಮಟ್ಟಿಗೆ ತಟಸ್ಥವಾಗಿರುವ ಈ ಅಣು, ನೇರಿಳಾತೀತ ಕಿರಣ ತಾಗಿದೊಡನೆ ಕೋಶದ ಡಿ.ಎನ್.ಎ. ಎಳೆಗಳಿಗೆ ಬೆಸೆದುಕೊಳ್ಳುತ್ತದೆ. ಇದೇ ಕುಲದ ಮೆಥಾಕ್ಸಲೆನನ್ನು ರೋಗಿಗೆ ಕೊಟ್ಟು, ರಕ್ತದ ಬಿಳಿಯ ಕೋಶಗಳನ್ನು ಹೊರತೆಗೆದು, ಕಿರಣ ಹಾಯಿಸಿ ಮರಳಿ ದೇಹಕ್ಕೆ ಸೇರಿಸುವ ವಿಧಾನವನ್ನು ರಿಚರ್ಡ್ ಎಡೆಲ್ಸನ್ನರೂ ಸಂಗಡಿಗರೂ 1987ರಲ್ಲಿ ಪ್ರಕಟಿಸಿದರು. ಆದರೆ ಈ ಬೆಸುಗೆಯಿಂದ ಟಿ-ಕೋಶ ಸಾಯುತ್ತದೆ. ಕೋಶವನ್ನು ಕೊಲ್ಲದೆ, ಅದರ ಕಾರ್ಯವನ್ನಷ್ಟೇ ಬೆಳಕಿನಿಂದ ತಡೆದು ಮತ್ತೆ ನಡೆಸಬಹುದೇ?

ಇದಕ್ಕೆ ಕ್ಯಾಲ್ಸಿಯಮ್ಮಿನ ವ್ಯವಹಾರವನ್ನು ತಿಳಿಯಬೇಕು. ವಿಶ್ರಾಂತ ಟಿ-ಕೋಶದೊಳಗಿನ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆ ಹೊರಗಿನದರ ಸುಮಾರು 10,000ದಲ್ಲಿ ಒಂದು ಪಾಲು. ಪರಕೀಯ ವಸ್ತುವನ್ನು ಗುರುತಿಸಿದಾಗ ಕೋಶದ ಒಳ ಉಗ್ರಾಣ ಬರಿದಾಗುತ್ತದೆ; ಅದನ್ನರಿತ ಸ್ಟಿಮ್-1 ಎಂಬ ಪ್ರೋಟೀನು ಹೊರಪೊರೆಯ ಓರೈ-1 ದ್ವಾರವನ್ನು ತೆರೆಸುತ್ತದೆ. ಒಳನುಗ್ಗಿದ ಕ್ಯಾಲ್ಸಿಯಂ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದರಿಂದ ಎನ್‌ಫ್ಯಾಟ್ ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು ಹೋರಾಟದ ಜೀನುಗಳನ್ನು ನಡೆಸುತ್ತದೆ. ಓರೈ-1ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಶಿಶುವಿನ ರೋಗನಿರೋಧ ಶಕ್ತಿ ಕುಸಿಯುವುದೆಂದು 2006ರಲ್ಲಿ ಕಂಡುಬಂದಿತು.

ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್ ಈ ಕ್ಯಾಲ್ಸಿನ್ಯೂರಿನನ್ನೇ ತಡೆಯುತ್ತದೆ. ಆದರೆ ಅದು ಮೈಯೆಲ್ಲ ಹರಡುವ ಮದ್ದು. ಮೂತ್ರಪಿಂಡಕ್ಕೂ ಕೇಡು ತಟ್ಟುತ್ತದೆ. ಬೇಕಾದ ಎಡೆಯಲ್ಲಿ, ಬೇಕಾದ ಹೊತ್ತಿನಲ್ಲಿ ಮಾತ್ರ ತಡೆಯುವ ಮದ್ದಿನ ಅಗತ್ಯ ಇಲ್ಲಿ ಸ್ಪಷ್ಟವಾಗುತ್ತದೆ.

ಅಜೋಬೆಂಜೀನ್ ಅಣು ಬೆಳಕಿನಿಂದ ಬಾಗುವುದನ್ನು ಹಾರ್ಟ್ಲಿ 1937ರಲ್ಲೇ ತೋರಿಸಿದ್ದರು. ನೇರಿಳಾತೀತ ಕಿರಣಕ್ಕೆ ಬಾಗಿದ ಅಣುವನ್ನು ನೀಲಿ ಬೆಳಕು ಮತ್ತೆ ನೆಟ್ಟಗಾಗಿಸುತ್ತದೆ. ಇದರ ಸೋದರನಾದ ಅಜೋಪೈರಜೋಲನ್ನು ಕ್ಯಾಲ್ಸಿಯಂ ದ್ವಾರದ ಪ್ರತಿಬಂಧಕದೊಡನೆ ಜೋಡಿಸಿದ ಪ್ರಯೋಗಗಳು 2020ರಲ್ಲಿ ಪ್ರಕಟವಾದವು. ಕೋಶಗಳಲ್ಲಿ ಕ್ಯಾಲ್ಸಿಯಂ ಪ್ರವೇಶವೂ ಅದನ್ನನುಸರಿಸುವ ಜೀನುಗಳ ಕಾರ್ಯವೂ ಬೆಳಕಿನ ಬಣ್ಣಕ್ಕೆ ತಕ್ಕಂತೆ ಬದಲಾದವು. ಸೋರಲೆನ್ ಮಾಡಲಾಗದ ಕೆಲಸವಿದು: ಇಲ್ಲಿ ಹಿಂದಿರುಗುವ ದಾರಿಯುಂಟು.

ಆದರೂ ಆಸ್ಪತ್ರೆ ಇನ್ನೂ ದೂರ. ನೇರಿಳಾತೀತ ಕಿರಣ ಚರ್ಮದೊಳಕ್ಕೆ ಒಂದು ಮಿಲಿಮೀಟರನ್ನೂ ಸರಿಯಾಗಿ ಇಳಿಯದು. ಅತಿಯಾದರೆ ತಾನೇ ಹಾನಿಕರ. ಆಳಕ್ಕಿಳಿಯುವ ಕೆಂಪು ಬೆಳಕಿಗೆ ಬಾಗುವ ಅಣುಗಳನ್ನು ರಚಿಸಲು ರಸಾಯನಜ್ಞರು ಯತ್ನಿಸುತ್ತಿದ್ದಾರೆ. ಅಲ್ಲಿಯವರೆಗೆ ಚರ್ಮ, ಕಣ್ಣು ಮತ್ತು ಹೊರತೆಗೆದ ರಕ್ತ, ಇವೇ ಈ ಮದ್ದುಗಳಿಗೆ ತಕ್ಕ ಕ್ಷೇತ್ರಗಳೆಂದು ತೋರುತ್ತದೆ.